ವಿದ್ಯಾಲಯಗಳಿಗೂ ಮುಯ್ಯಾಳು ಬೇಕು

ವಿದ್ಯೆಯು ಕೊಟ್ಟಷ್ಟೂ ಬೆಳೆಯುವ ಧನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕಳ್ಳರು ಕದಿಯಲಾರದ, ದಾಯಾದಿಗಳು ಪಾಲು ಕೇಳಲಾರದ ಈ ಧನವನ್ನು ಮನುಷ್ಯನು ಮನುಷ್ಯನಿಗೆ ಕೊಡುವುದರಲ್ಲಿ ಅಡ್ಡಿಯೇನೂ ಕಾಣದು. ಆದರೆ ಒಂದು ವಿದ್ಯಾಸಂಸ್ಥೆಯು ಇನ್ನೊಂದು ವಿದ್ಯಾಸಂಸ್ಥೆಗೆ ಕೊಡಬೇಕಾದಾಗ ಮಾತ್ರ ಇದೇ ಧನಕ್ಕೆ ಬಾಗಿಲು, ಬೀಗ, ಕಾವಲು ಎಲ್ಲವೂ ಬಂದುಬಿಡುತ್ತವೆ. ಒಂದು ಕಾಲೇಜಿನ ಗ್ರಂಥಭಂಡಾರದಲ್ಲಿ ಯಾರೂ ಮುಟ್ಟದ ಪುಸ್ತಕವು ಧೂಳು ಹಿಡಿದು ಕುಳಿತಿರುತ್ತದೆ. ಪಕ್ಕದ ಬೀದಿಯ ಕಾಲೇಜಿನ ವಿದ್ಯಾರ್ಥಿ ಅದೇ ಪುಸ್ತಕಕ್ಕಾಗಿ ಊರೆಲ್ಲ ಅಲೆಯುತ್ತಾನೆ. ಒಂದೇ ಊರಿನ ವಿಶ್ವವಿದ್ಯಾನಿಲಯಗಳೂ ಕಾಲೇಜುಗಳೂ ತಮ್ಮತಮ್ಮಲ್ಲಿ ಸಹಕರಿಸಬೇಕೆ, ಬೇಡವೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಆಡಳಿತಗಾರರ ಪ್ರಶ್ನೆಯಂತೆ ತೋರುತ್ತದೆ. ವಾಸ್ತವವಾಗಿ ಅದು ವಿದ್ಯಾರ್ಥಿಗಳ ಪ್ರಶ್ನೆ. ಅದರಲ್ಲಿಯೂ, ಈ ಮಹಾನಗರದಲ್ಲಿ ಕನ್ನಡ ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಅದು ಅಳಿವು ಉಳಿವಿನ ಪ್ರಶ್ನೆ.

ಸಹಕಾರವೆಂಬುದು ಕನ್ನಡ ನಾಡಿಗೆ ಹೊಸ ಮಾತಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಒಬ್ಬ ರೈತನ ಗದ್ದೆಯಲ್ಲಿ ನಾಟಿಯ ದಿನ ಬಂದರೆ ನೆರೆಹೊರೆಯವರೆಲ್ಲ ಬಂದು ದುಡಿಯುತ್ತಾರೆ. ಅವರ ಗದ್ದೆಯ ನಾಟಿಗೆ ಇವನು ಹೋಗಿ ದುಡಿದು ಮುಯ್ಯಿ ತೀರಿಸುತ್ತಾನೆ. ಹಣ ಕೈ ಬದಲಾಯಿಸುವುದಿಲ್ಲ. ಯಾರ ಗದ್ದೆಯ ಒಡೆತನವೂ ತಪ್ಪುವುದಿಲ್ಲ. ಆದರೂ ಒಬ್ಬೊಬ್ಬರಿಂದ ಆಗದ ಕೆಲಸ ಹೊತ್ತಿಗೆ ಸರಿಯಾಗಿ ಆಗಿಬಿಡುತ್ತದೆ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘವನ್ನು ಕಟ್ಟಿದಾಗ ಈ ಹಳೆಯ ಬುದ್ಧಿಗೆ ಒಂದು ಲೆಕ್ಕಪತ್ರದ ರೂಪ ದೊರೆಯಿತು. ಅಕ್ಷರ ಬಾರದ ರೈತನಿಗೆ ತಿಳಿದ ಈ ನೀತಿ ಅಕ್ಷರವನ್ನೇ ಕಲಿಸುವ ಸಂಸ್ಥೆಗಳಿಗೆ ತಿಳಿಯದೆ ಹೋಗಬಾರದು.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ದೆಹಲಿಯ ಕರೋಲ್ ಬಾಗ್ ಎಂದರೆ ಇಂದು ಎಲ್ಲರಿಗೂ ನೆನಪಾಗುವುದು ಅಂಗಡಿಬೀದಿ. ಹಬ್ಬದ ಬಟ್ಟೆಬರೆಗಾಗಿ ತಂದೆತಾಯಿಗಳ ಕೈಹಿಡಿದು ನಮ್ಮಲ್ಲಿ ಅನೇಕರು ಅಜ್ಮಲ್ ಖಾನ್ ರಸ್ತೆಯಲ್ಲಿ ನಡೆದಿದ್ದೇವೆ. ಆದರೆ ಆ ರಸ್ತೆಗೆ ಹೆಸರು ಕೊಟ್ಟ ಹಕೀಮ್ ಅಜ್ಮಲ್ ಖಾನರು ವ್ಯಾಪಾರಿಗಳಲ್ಲ, ವೈದ್ಯರು, ವಿದ್ಯಾಲಯಗಳನ್ನು ಕಟ್ಟಿದವರು. ಅವರು ಕರೋಲ್ ಬಾಗಿನಲ್ಲಿ ಸ್ಥಾಪಿಸಿದ ತಿಬ್ಬಿಯಾ ಕಾಲೇಜನ್ನು 1921ರ ಫೆಬ್ರವರಿ 13ರಂದು ಮಹಾತ್ಮಾ ಗಾಂಧಿಯವರು ಉದ್ಘಾಟಿಸಿದರು. ಆ ಕಾಲೇಜಿನ ವಿಶೇಷವೇನೆಂದರೆ, ಆಯುರ್ವೇದ ಮತ್ತು ಯುನಾನಿ ಎಂಬ ಎರಡು ಬೇರೆ ಬೇರೆ ವೈದ್ಯಪರಂಪರೆಗಳು ಒಂದೇ ಸೂರಿನಡಿ ಪಾಠ ಹೇಳತೊಡಗಿದುದು. ಒಂದರ ಗ್ರಂಥಗಳು ಸಂಸ್ಕೃತದವು, ಇನ್ನೊಂದರವು ಅರಬ್ಬಿ ಮತ್ತು ಪಾರಸಿಯವು. ಎರಡೂ ತಮ್ಮತನವನ್ನು ಬಿಡಲಿಲ್ಲ. ಆದರೆ ಅಂಗಳವನ್ನು ಹಂಚಿಕೊಂಡವು.

ಅದೇ ಕರೋಲ್ ಬಾಗಿಗೆ 1925ರಲ್ಲಿ ಇನ್ನೊಂದು ವಿದ್ಯಾಸಂಸ್ಥೆ ವಲಸೆ ಬಂದಿತು. ಅದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರ್ಕಾರದ ನೆರವನ್ನು ಒಲ್ಲೆನೆಂದ ಅಧ್ಯಾಪಕರೂ ವಿದ್ಯಾರ್ಥಿಗಳೂ 1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿ ಅದನ್ನು ಆರಂಭಿಸಿದ್ದರು. ಚಳವಳಿ ನಿಂತ ಮೇಲೆ ಸಂಸ್ಥೆಗೆ ಹಣವಿಲ್ಲದಾಯಿತು. ಆಗ ಅದರ ಪ್ರಥಮ ಕುಲಪತಿಗಳಾಗಿದ್ದ ಅಜ್ಮಲ್ ಖಾನರು ಅದನ್ನು ತಮ್ಮ ತಿಬ್ಬಿಯಾ ಕಾಲೇಜಿನ ನೆರೆಗೆ ಕರೆತಂದು, 1927ರ ಡಿಸೆಂಬರಿನಲ್ಲಿ ತಾವು ತೀರಿಕೊಳ್ಳುವವರೆಗೂ ಬಹುಪಾಲು ಸ್ವಂತ ಕೈಯಿಂದಲೇ ನಡೆಸಿದರು. ಅವರ ಬಳಿಕ ಜಾಕಿರ್ ಹುಸೇನರೂ ಅವರ ಜೊತೆಗಾರರೂ ತಿಂಗಳಿಗೆ 150 ರೂಪಾಯಿಗಳಿಗಿಂತ ಹೆಚ್ಚು ಪಡೆಯದೆ 20 ವರ್ಷ ದುಡಿಯುವುದಾಗಿ ಮಾತುಕೊಟ್ಟರು. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲಿಟ್ಟವರು ಯಾವ ಮಂತ್ರಿಯೂ ಅಲ್ಲ, ಜಾಮಿಯಾ ಶಾಲೆಯ ಅತಿ ಕಿರಿಯ ವಿದ್ಯಾರ್ಥಿ. ಅಸಹಕಾರದಲ್ಲಿ ಹುಟ್ಟಿದ ಸಂಸ್ಥೆಯು ಸಹಕಾರದಿಂದ ಬದುಕಿತೆಂಬುದು ಮನನ ಮಾಡಬೇಕಾದ ಸಂಗತಿ. ನೆರೆಯಲ್ಲಿ ಒಂದು ವಿದ್ಯಾಲಯ ಇದ್ದುದರಿಂದಲೇ ಇನ್ನೊಂದು ವಿದ್ಯಾಲಯ ಕಷ್ಟಕಾಲವನ್ನು ದಾಟಿತು.

ಆ ದಿನಗಳಲ್ಲಿ ಕರೋಲ್ ಬಾಗಿನ ಮಗ್ಗುಲಿನ ಆನಂದ ಪರ್ವತದ ಮೇಲೆ ರಾಮಜಸ್ ಕಾಲೇಜಿದ್ದಿತು. ಸೇಂಟ್ ಸ್ಟೀಫನ್ಸ್, ಹಿಂದೂ ಮತ್ತು ರಾಮಜಸ್ ಎಂಬ ಮೂರು ಕಾಲೇಜುಗಳನ್ನು ಕೂಡಿಸಿಕೊಂಡು 1922ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ಹುಟ್ಟಿತು. ಅದಕ್ಕೂ ಮುಂಚೆ, 1857ರಲ್ಲಿ, ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು ಮೊದಲಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಷ್ಟೇ ಆಗಿದ್ದವು. ದೆಹಲಿಯಲ್ಲಿ ಬೇರೊಂದು ಆದರ್ಶ ಬೆಳೆಯಿತು. 1938ರಿಂದ 1950ರವರೆಗೆ ಉಪಕುಲಪತಿಗಳಾಗಿದ್ದ ಸರ್ ಮಾರಿಸ್ ಗ್ವಾಯರ್ ಅವರು ಚದುರಿದ್ದ ಕಾಲೇಜುಗಳನ್ನು ವಿಶ್ವವಿದ್ಯಾನಿಲಯದ ಸುತ್ತ ಒಂದೇ ಆವರಣಕ್ಕೆ ತರಲು ಶ್ರಮಿಸಿದರು. ರಾಮಜಸ್ ಕಾಲೇಜು ಆನಂದ ಪರ್ವತದಿಂದ ಇಳಿದು ಅಲ್ಲಿಗೆ ಬಂದುದೂ ಈ ಆದರ್ಶದ ಫಲವೇ. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯ ಹೆಸರು ಒಂದು ಕಾಲೇಜಿನಲ್ಲಿ. ಉಪನ್ಯಾಸ ವಿಶ್ವವಿದ್ಯಾನಿಲಯದ ಮಂದಿರದಲ್ಲಿ. ಹೀಗಾಗಿ ಹಿಂದೂ ಕಾಲೇಜಿನ ಹುಡುಗನೂ ಸೇಂಟ್ ಸ್ಟೀಫನ್ಸ್ ಕಾಲೇಜಿನ ಹುಡುಗನೂ ಒಂದೇ ಬೆಂಚಿನಲ್ಲಿ ಕುಳಿತು ಪಾಠ ಕೇಳುವಂತಾಯಿತು.

ಈ ಆದರ್ಶದ ಇನ್ನೊಂದು ಉತ್ತಮ ಫಲ ವಿ. ಕೆ. ಆರ್. ವಿ. ರಾವ್ ಅವರು 1949ರಲ್ಲಿ ಕಟ್ಟಿದ ದೆಹಲಿ ಅರ್ಥಶಾಸ್ತ್ರ ಶಾಲೆ. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದು ಕೇಂದ್ರದ ಶಿಕ್ಷಣ ಸಚಿವರಾದ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ರಾವ್ ಅವರ ಹೆಸರು ಕನ್ನಡಿಗರಿಗೆ ಪರಿಚಿತವಾದುದೇ. ಪ್ರತಿಯೊಂದು ಕಾಲೇಜೂ ಅರ್ಥಶಾಸ್ತ್ರಕ್ಕೆ ತಾನೇ ದೊಡ್ಡ ಗ್ರಂಥಭಂಡಾರ ಕಟ್ಟುತ್ತೇನೆ, ತಾನೇ ದೊಡ್ಡ ವಿದ್ವಾಂಸರನ್ನು ತರುತ್ತೇನೆ ಎಂದು ಹೊರಟಿದ್ದರೆ ಯಾವುದರಿಂದಲೂ ಆಗುತ್ತಿರಲಿಲ್ಲ. ಎಲ್ಲರಿಗೂ ಸೇರಿ ಒಂದು ಕಡೆ ಕಟ್ಟಿದುದರಿಂದ ಅದು ದೇಶಕ್ಕೇ ಮಾದರಿಯಾಯಿತು.

ಕಾಲಕ್ರಮದಲ್ಲಿ ಊರು ಬೆಳೆಯಿತು. ಆ ನೆರೆತನ ಸಡಿಲವಾಯಿತು. ವಿಶ್ವವಿದ್ಯಾನಿಲಯವೇ 1973ರಲ್ಲಿ ದಕ್ಷಿಣ ಆವರಣವನ್ನು ತೆರೆಯಬೇಕಾಯಿತು. ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯವು 1969ರಲ್ಲಿ ಬಂದಿತು. ಜಾಮಿಯಾ 1988ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಇಂದ್ರಪ್ರಸ್ಥ ವಿಶ್ವವಿದ್ಯಾನಿಲಯವು 1998ರಲ್ಲಿ, ಅಂಬೇಡ್ಕರ್ ವಿಶ್ವವಿದ್ಯಾನಿಲಯವು 2008ರಲ್ಲಿ ಸೇರಿಕೊಂಡವು. ಗುರುಗ್ರಾಮ, ನೋಯ್ಡಾ, ಫರೀದಾಬಾದುಗಳ ವಿದ್ಯಾಸಂಸ್ಥೆಗಳನ್ನು ಎಣಿಸಿದರೆ ಪಟ್ಟಿ ಇನ್ನೂ ಉದ್ದವಾಗುತ್ತದೆ. ಸಂಖ್ಯೆ ಹೆಚ್ಚಿದುದು ಸಂತೋಷವೇ. ಆದರೆ ಒಂದೊಂದು ಸಂಸ್ಥೆಗೂ ಒಂದೊಂದು ಪಠ್ಯಕ್ರಮ, ಒಂದೊಂದು ವೇಳಾಪಟ್ಟಿ, ಒಂದೊಂದು ಪರೀಕ್ಷೆಯ ತಿಂಗಳು. ಇಂದು ಕರೋಲ್ ಬಾಗಿನಲ್ಲಿ ಮೆಟ್ರೋ ರೈಲು ಹತ್ತಿದ ವಿದ್ಯಾರ್ಥಿ ರಾಜೀವ್ ಚೌಕದಲ್ಲಿ ಬದಲಾಯಿಸಿ ವಿಶ್ವವಿದ್ಯಾಲಯ ನಿಲ್ದಾಣಕ್ಕೆ ಹೋಗಬಹುದು. ಜಾಮಿಯಾದ ಹೆಸರಿನಲ್ಲಿಯೂ ಐಐಟಿಯ ಹೆಸರಿನಲ್ಲಿಯೂ ನಿಲ್ದಾಣಗಳಿವೆ. ರೈಲು ಈ ವಿದ್ಯಾಲಯಗಳನ್ನೆಲ್ಲ ಒಂದೇ ಟಿಕೆಟ್ಟಿನಲ್ಲಿ ಜೋಡಿಸಿದೆ. ಅವುಗಳ ವೇಳಾಪಟ್ಟಿಗಳನ್ನು ಜೋಡಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ.

ಇದರಿಂದ ಯಾರಿಗೆ ನಷ್ಟ? ಇತಿಹಾಸ, ವಾಣಿಜ್ಯ, ಭೌತಶಾಸ್ತ್ರ ಮುಂತಾದ ದೊಡ್ಡ ವಿಷಯಗಳಿಗೆ ಅಷ್ಟಾಗಿ ನಷ್ಟವಿಲ್ಲ. ಅವುಗಳಿಗೆ ಪ್ರತಿ ಕಾಲೇಜಿನಲ್ಲಿಯೂ ಕೊಠಡಿ ತುಂಬುವಷ್ಟು ವಿದ್ಯಾರ್ಥಿಗಳು ಇರುತ್ತಾರೆ, ಅಧ್ಯಾಪಕರೂ ಇರುತ್ತಾರೆ. ನಷ್ಟವಾಗುವುದು ಚಿಕ್ಕ ವಿಷಯಗಳಿಗೆ. ಚಿಕ್ಕ ಎಂದರೆ ಕೀಳು ಎಂದಲ್ಲ; ಆ ಊರಿನಲ್ಲಿ ಅದನ್ನು ಬಯಸುವವರ ಸಂಖ್ಯೆ ಕಡಿಮೆ ಎಂದಷ್ಟೇ ಅರ್ಥ. ದೆಹಲಿಯಲ್ಲಿ ಕನ್ನಡವು ಅಂತಹ ಒಂದು ವಿಷಯ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಆರು ಕಾಲೇಜುಗಳಲ್ಲಿ ತಲಾ ಮೂವರು ಕನ್ನಡ ವಿದ್ಯಾರ್ಥಿಗಳು ಇದ್ದಾರೆಂದು ಇಟ್ಟುಕೊಳ್ಳಿರಿ. ಮೂವರಿಗಾಗಿ ಒಬ್ಬ ಅಧ್ಯಾಪಕರನ್ನು ನೇಮಿಸಲು ಯಾವ ಕಾಲೇಜೂ ಒಪ್ಪುವುದಿಲ್ಲ. ಒಪ್ಪದಿರುವುದನ್ನು ತಪ್ಪೆನ್ನಲೂ ಬರುವುದಿಲ್ಲ. ಆದುದರಿಂದ ಆರು ಕಡೆಗಳಲ್ಲಿಯೂ ಕನ್ನಡ ಪಾಠ ಸೊನ್ನೆ. ಅದೇ ಆರು ಕಾಲೇಜುಗಳು ಕೂಡಿದರೆ 18 ಮಂದಿಯ ಒಂದು ಒಳ್ಳೆಯ ತರಗತಿಯಾಗುತ್ತದೆ. ಒಬ್ಬ ಅಧ್ಯಾಪಕರ ಸಂಬಳವು ಆರು ಪಾಲಾಗುತ್ತದೆ. ಮೂರು ಆರಲಿ 18 ಎಂಬ ಮಗ್ಗಿ ಎರಡನೆಯ ತರಗತಿಯ ಮಕ್ಕಳಿಗೂ ಬರುತ್ತದೆ. ಬೇರೆ ಬೇರೆಯಾಗಿ ಇದ್ದಾಗ ಸೊನ್ನೆಯಾಗುವ ಮೂರು, ಕೂಡಿದಾಗ 18 ಆಗುವುದೇ ಸಹಕಾರದ ಗಣಿತ.

ನಮ್ಮ ಶಾಲೆಯಲ್ಲಿ ಹತ್ತು ಹನ್ನೆರಡು ವರ್ಷ ಕನ್ನಡ ಓದಿದ ಹುಡುಗ ಹುಡುಗಿಯರು ಕಾಲೇಜಿನ ಮೆಟ್ಟಿಲು ಹತ್ತಿದ ದಿನದಿಂದ ಕನ್ನಡವನ್ನು ಮನೆಮಾತಿಗೆ ಮಾತ್ರ ಮೀಸಲಿಡುವಂತಾಗುವುದು ಅವರಿಗೆ ಅಭಿಮಾನ ಸಾಲದೆ ಅಲ್ಲ, ಹಾದಿ ಕಾಣದೆ. ಊರಿನಲ್ಲಿ ಸಾಮಗ್ರಿಯೇ ಇಲ್ಲವೆಂದರೆ ಬೇರೆ ಮಾತು. ದೆಹಲಿ ವಿಶ್ವವಿದ್ಯಾನಿಲಯದ ಆಧುನಿಕ ಭಾರತೀಯ ಭಾಷೆಗಳ ವಿಭಾಗದಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದೆ. ಕರ್ನಾಟಕ ಸರ್ಕಾರದ ನೆರವಿನಿಂದ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪೀಠವು ಸ್ಥಾಪಿತವಾಗಿ ಪುರುಷೋತ್ತಮ ಬಿಳಿಮಲೆಯವರು ಅದರ ಮೊದಲ ಪ್ರಾಧ್ಯಾಪಕರಾದರು. ರಾಮಕೃಷ್ಣಪುರದಲ್ಲಿ ದೆಹಲಿ ಕರ್ನಾಟಕ ಸಂಘದ ಭವನವಿದೆ. ಒಂದು ಊರಿಗೆ ಇಷ್ಟು ಕಡಿಮೆಯೇನಲ್ಲ. ಕಡಿಮೆಯಾಗಿರುವುದು ಇವುಗಳ ನಡುವಿನ ಸೇತುವೆ. ವಾಣಿಜ್ಯ ಓದುವ ಹುಡುಗಿಯೊಬ್ಬಳು ವಾರಕ್ಕೆ ಎರಡು ಗಂಟೆ ಇನ್ನೊಂದು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಕಾವ್ಯದ ಪಾಠ ಕೇಳಿ, ಆ ಅಂಕಗಳು ತನ್ನ ಪದವಿಗೆ ಸಲ್ಲುವಂತಾದರೆ ಹತ್ತು ವರ್ಷದ ಶ್ರಮ ಬತ್ತಿಹೋಗುವುದಿಲ್ಲ. ಕನ್ನಡಕ್ಕೆ ಹೇಳಿದ ಈ ಮಾತು ಇಲ್ಲಿನ ಒಡಿಯಾ, ಅಸ್ಸಾಮಿ, ಮಣಿಪುರಿ ಮಕ್ಕಳಿಗೂ, ಪಾಳಿ, ಲಿಪಿಶಾಸ್ತ್ರಗಳಂತಹ ವಿಷಯಗಳಿಗೂ ಸಲ್ಲುತ್ತದೆ.

ಇದು ಆಗದ ಹೋಗದ ಕನಸೆಂದು ಯಾರಾದರೂ ಹೇಳಿಯಾರು. ಆಗಿರುವ ಕೆಲವನ್ನು ಅವರ ಮುಂದಿಡಬಹುದು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ನೆರೆಹೊರೆಯ ನಾಲ್ಕು ವಿದ್ಯಾಸಂಸ್ಥೆಗಳು 1965ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು. ಬಳಿಕ ಐದನೆಯದೂ ಸೇರಿತು. ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಪಾಠ ಕೇಳಬಹುದು, ಪುಸ್ತಕ ತರಬಹುದು. ಐದರ ನಡುವೆಯೂ ಓಡಾಡಲು ಬಸ್ಸುಗಳಿವೆ. ಹೆಚ್ಚು ಮಂದಿ ಕಲಿಯದ ಭಾಷೆಗಳಿಗಾಗಿಯೇ ಅವು ಸೇರಿ ಒಂದು ಕೇಂದ್ರವನ್ನು ನಡೆಸುತ್ತಿವೆ ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ನಮ್ಮ ಬೆಂಗಳೂರಿನಲ್ಲಿ 1982ರಿಂದ ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮೊದಲಾದವು ಖಗೋಳ ವಿಜ್ಞಾನದ ಸಂಶೋಧನ ವಿದ್ಯಾರ್ಥಿಗಳನ್ನು ಕೂಡಿಯೇ ತಯಾರು ಮಾಡುತ್ತ ಬಂದವು. ನಕ್ಷತ್ರಗಳನ್ನು ಓದಬಯಸುವವರು ಎಲ್ಲಿಯೂ ಕೆಲವರೇ. ಆ ಕೆಲವರಿಗೆ ಒಂದು ಊರಿನ ವಿದ್ವಾಂಸರೆಲ್ಲ ಗುರುಗಳಾದರು. ದೆಹಲಿಯಲ್ಲಿಯೇ 1988ರಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಆರಂಭವಾದ ಡೆಲ್‌ನೆಟ್ ಎಂಬ ಗ್ರಂಥಭಂಡಾರಗಳ ಜಾಲವು ಒಂದರ ಪುಸ್ತಕವನ್ನು ಇನ್ನೊಂದರ ಓದುಗನಿಗೆ ತಲುಪಿಸುವ ವ್ಯವಸ್ಥೆ ಮಾಡಿತು. ದೆಹಲಿ ವಿಶ್ವವಿದ್ಯಾನಿಲಯವೂ ಜಾಮಿಯಾವೂ ಸೇರಿ ಗಣಿತ ಶಿಕ್ಷಣದಲ್ಲಿ ಒಂದು ಜಂಟಿ ಸ್ನಾತಕೋತ್ತರ ಪದವಿಯನ್ನು ಏರ್ಪಡಿಸಿದವು. ಒಂದು ಕಾಲಕ್ಕೆ ಆನಂದ ಪರ್ವತದ ಮೇಲೊಂದು, ಕೆಳಗೊಂದು ಎಂಬಂತೆ ಇದ್ದ ಎರಡು ಪರಂಪರೆಗಳು ಹೀಗೆ ಮತ್ತೆ ಕೈಜೋಡಿಸಿದವೆನ್ನಬಹುದು.

ಕಾನೂನಿನ ಅಡ್ಡಿಯೂ ಈಗ ಮೊದಲಿನಷ್ಟಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2021ರಲ್ಲಿ ಏರ್ಪಡಿಸಿದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನಲ್ಲಿ, ವಿದ್ಯಾರ್ಥಿಯು ಒಂದು ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಜಮೆಯಿಟ್ಟು ಇನ್ನೊಂದು ಸಂಸ್ಥೆಯ ಪದವಿಗೆ ಬಳಸಿಕೊಳ್ಳಲು ಅವಕಾಶವಿದೆ. ಬ್ಯಾಂಕು ಇದ್ದರೆ ಸಾಲದು. ಜಮೆಯಿಡಲು ಗಳಿಕೆ ಇರಬೇಕು. ಇನ್ನೊಂದು ಕಾಲೇಜಿನ ಬಾಗಿಲಲ್ಲಿ ಹೊರಗಿನ ವಿದ್ಯಾರ್ಥಿಯನ್ನು ತಡೆದರೆ ಗಳಿಕೆ ಎಲ್ಲಿಂದ ಬರಬೇಕು?

ಸಹಕಾರಕ್ಕೆ ಎದುರಾಗಿ ಹೇಳುವ ಮಾತುಗಳನ್ನೂ ನ್ಯಾಯವಾಗಿ ಪರಿಶೀಲಿಸಬೇಕು. ದೊಡ್ಡ ಸಂಸ್ಥೆಯು ಚಿಕ್ಕದನ್ನು ನುಂಗೀತೆಂಬುದು ಒಂದು ಭಯ. ಈ ಭಯ ನಿರಾಧಾರವಲ್ಲ. ಆದರೆ ಸಹಕಾರ ಬೇರೆ, ವಿಲೀನ ಬೇರೆ. ಮುಯ್ಯಾಳಿಗೆ ಬಂದವನು ಗದ್ದೆಯನ್ನು ಕೇಳುವುದಿಲ್ಲ. ಬಲು ದೊಡ್ಡದಾದ ಸಂಸ್ಥೆಯನ್ನು ಆಡಳಿತಕ್ಕಾಗಿ ಒಡೆಯುವುದೂ ಕೆಲವೊಮ್ಮೆ ಅಗತ್ಯವಾದೀತು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯವು 2017ರ ಹೊತ್ತಿಗೆ ಮೂರಾಯಿತು. ಪ್ಯಾರಿಸ್ಸಿನ ಪುರಾತನ ವಿಶ್ವವಿದ್ಯಾನಿಲಯವು 1970ರ ಸುಮಾರಿಗೆ ಹದಿಮೂರಾಯಿತು. ಆದರೆ ಪ್ಯಾರಿಸ್ಸಿನವರು ಸೊರ್ಬೋನಿನ ಗ್ರಂಥಭಂಡಾರವನ್ನು ಹಲವು ವಿಶ್ವವಿದ್ಯಾನಿಲಯಗಳಿಗೆ ಸಮಾನವಾಗಿ ಉಳಿಸಿಕೊಂಡರು. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿದ ಮಾತ್ರಕ್ಕೆ ಬಾವಿಯನ್ನು ಮುಚ್ಚಬೇಕಾಗಿಲ್ಲ.

ಓಡಾಟದ ಕಷ್ಟ ಎರಡನೆಯದು. ಇದು ನಿಜವಾದ ಕಷ್ಟ. ನಜಫ್‌ಗಢದ ಹುಡುಗ ಉತ್ತರ ಆವರಣಕ್ಕೆ ಹೋಗಿಬರುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ಹೆಣ್ಣುಮಕ್ಕಳು ಹೊತ್ತು ಮುಳುಗಿದ ಮೇಲೆ ಹಿಂದಿರುಗುವುದಾದರೆ ತಂದೆತಾಯಿಗಳಿಗೆ ಚಿಂತೆ. ಆದುದರಿಂದಲೇ ಕೂಡಿದ ತರಗತಿಯು ಶನಿವಾರ ಹಗಲಿನಲ್ಲಿ, ಊರಿನ ನಡುಮಧ್ಯದಲ್ಲಿ, ಮೆಟ್ರೋ ನಿಲ್ದಾಣದ ಸಮೀಪದಲ್ಲಿ ನಡೆಯಬೇಕು. ದೆಹಲಿ ವಿಶ್ವವಿದ್ಯಾನಿಲಯದ ಕಾಲೇಜುಗಳ ಕಟ್ಟಡಗಳಲ್ಲಿ ಕಾಲೇಜು ಸೇರಲಾಗದ ಹೆಣ್ಣುಮಕ್ಕಳಿಗೆ ರಜಾದಿನಗಳಲ್ಲಿ ಪಾಠ ಹೇಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಕೊಠಡಿಯನ್ನು ಹಂಚಿಕೊಳ್ಳುವ ಅಭ್ಯಾಸ ಆ ಕಾಲೇಜುಗಳಿಗೆ ಇದ್ದೇ ಇದೆ. ಮನೆಯಲ್ಲಿಯೇ ಕುಳಿತು ಪರದೆಯ ಮೇಲೆ ಪಾಠ ಕೇಳಬಹುದಲ್ಲವೇ ಎಂದು ಕೇಳುವವರಿದ್ದಾರೆ. 2020ರ ಮಹಾಮಾರಿಯ ಕಾಲದಲ್ಲಿ ಅದರ ಉಪಯೋಗವನ್ನೂ ಮಿತಿಯನ್ನೂ ನಾವೆಲ್ಲ ಕಂಡೆವು. ಉಪನ್ಯಾಸಕ್ಕೆ ಪರದೆ ಸಾಕಾದೀತು. ಪಾಠ ಮುಗಿದ ಮೇಲೆ ಮೆಟ್ಟಿಲ ಮೇಲೆ ನಡೆಯುವ ಚರ್ಚೆಗೆ ಸಾಲದು. ಭಾಷೆಯಂತೂ ಎದುರುಬದುರು ಕುಳಿತಾಗಲೇ ಬೆಳೆಯುವಂಥದು.

ಮೂರನೆಯ ಅಡ್ಡಿ ಎಲ್ಲಕ್ಕಿಂತ ದೊಡ್ಡದು, ಅದು ಉದಾಸೀನ. ಒಡಂಬಡಿಕೆಗೆ ಸಹಿ ಹಾಕಿ ಭಾವಚಿತ್ರ ತೆಗೆಸಿಕೊಳ್ಳುವುದು ಸುಲಭ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಎರಡು ಕಾಲೇಜುಗಳ ಗಂಟೆ ಒಟ್ಟಿಗೆ ಹೊಡೆಯುವಂತೆ ಮಾಡುವುದು ಕಷ್ಟ. ಹಾಜರಿಯನ್ನು ಯಾರು ಬರೆಯಬೇಕು, ಶುಲ್ಕವನ್ನು ಯಾರು ಕಟ್ಟಬೇಕು, ಪ್ರಶ್ನಪತ್ರಿಕೆ ಯಾರದು ಎಂಬ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡುವ ಗುಮಾಸ್ತನಿಲ್ಲದೆ ದೊಡ್ಡ ಒಡಂಬಡಿಕೆಗಳು ಕಾಗದದಲ್ಲಿಯೇ ಉಳಿಯುತ್ತವೆ. ಆದುದರಿಂದ ನನ್ನ ಸಲಹೆಗಳು ಸಣ್ಣವೇ. ಮೊದಲನೆಯದಾಗಿ, ಊರಿನ ಯಾವ ಕಾಲೇಜಿನ ಗುರುತಿನ ಚೀಟಿ ಇದ್ದರೂ ಯಾವ ಕಾಲೇಜಿನ ಗ್ರಂಥಭಂಡಾರದಲ್ಲಾದರೂ ಕುಳಿತು ಓದಲು ಅವಕಾಶವಿರಲಿ. ಎರಡನೆಯದಾಗಿ, ವಾರದಲ್ಲಿ ಒಂದು ಅರ್ಧ ದಿನವನ್ನು ಎಲ್ಲ ಸಂಸ್ಥೆಗಳೂ ಕೂಡಿದ ತರಗತಿಗಳಿಗಾಗಿ ಬಿಡಲಿ. ಮೂರನೆಯದಾಗಿ, ಬೇರೆ ಬೇರೆ ಸಂಸ್ಥೆಗಳಲ್ಲಿ ಯಾವ ಯಾವ ಚಿಕ್ಕ ವಿಷಯಗಳಿಗೆ ಅಧ್ಯಾಪಕರಿದ್ದಾರೆ ಎಂಬ ಒಂದೇ ಪಟ್ಟಿಯನ್ನು ಪ್ರತಿ ವರ್ಷ ಪ್ರಕಟಿಸಲಿ. ನಾಲ್ಕನೆಯದಾಗಿ, ಅಧ್ಯಾಪಕರ ವೇತನವನ್ನು ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆ ಸಂಸ್ಥೆಗಳು ಹಂಚಿಕೊಳ್ಳಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ಇವೆಲ್ಲ ಹಿರಿಯರ ಕೆಲಸ, ನಮ್ಮಿಂದೇನಾದೀತು ಎಂದು ನೀವು ಕೇಳಬಹುದು. ಕೇಳುವವರಿಲ್ಲದೆ ಯಾವ ಪಾಠವೂ ಆರಂಭವಾಗುವುದಿಲ್ಲ. ಕಾಲೇಜು ಸೇರುವಾಗ ನಿಮಗೆ ಕನ್ನಡ ಬೇಕೆಂದು ಅರ್ಜಿಯಲ್ಲಿ ಬರೆದುಕೊಡಿರಿ. ಇಲ್ಲವೆಂದು ಹೇಳಿದರೆ ಊರಿನಲ್ಲಿ ಎಲ್ಲಿ ದೊರೆಯುವುದೆಂದು ವಿನಯದಿಂದ, ಆದರೆ ಬಿಡದೆ ವಿಚಾರಿಸಿರಿ. ಬೇರೆ ಬೇರೆ ಕಾಲೇಜುಗಳಿಗೆ ಚದುರಿಹೋಗುವ ನಮ್ಮ ಶಾಲೆಯ ಗೆಳೆಯ ಗೆಳತಿಯರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಯಾವ ಕಾಲೇಜಿನಲ್ಲಿ ಮೂವರು, ಯಾವುದರಲ್ಲಿ ಇಬ್ಬರು ಎಂಬುದು ಕೈಯಲ್ಲಿದ್ದರೆ ಹದಿನೆಂಟು ಮಂದಿಯ ಪಟ್ಟಿ ಹಿಡಿದು ಪ್ರಾಂಶುಪಾಲರ ಮುಂದೆ ನಿಲ್ಲಬಹುದು. ಒಂಟಿಯಾಗಿ ಹೋದವನ ಕೋರಿಕೆಯನ್ನು ತಳ್ಳಿಹಾಕುವುದು ಸುಲಭ. ಹದಿನೆಂಟು ಮಂದಿಯ ಕೋರಿಕೆಗೆ ಉತ್ತರ ಕೊಡಲೇಬೇಕಾಗುತ್ತದೆ.

ಓಖ್ಲಾದಲ್ಲಿ ಅಡಿಗಲ್ಲನ್ನು ಇಟ್ಟುದು ಒಂದು ಚಿಕ್ಕ ಮಗುವಿನ ಕೈ. ಕಲ್ಲಿನ ಭಾರವನ್ನು ಹೊತ್ತವರು ಹಿರಿಯರೇ ಆಗಿದ್ದರು, ನಿಜ. ಆದರೆ ವಿದ್ಯಾಲಯವು ಯಾರಿಗಾಗಿ ಎಂಬುದನ್ನು ಆ ಹಿರಿಯರು ಮರೆತಿರಲಿಲ್ಲ. ನಮ್ಮ ಊರಿನ ವಿಶ್ವವಿದ್ಯಾನಿಲಯಗಳೂ ಕಾಲೇಜುಗಳೂ ಅದನ್ನು ನೆನಪಿನಲ್ಲಿಟ್ಟುಕೊಂಡು ಪರಸ್ಪರ ಮುಯ್ಯಾಳಾಗಿ ನಿಂತರೆ, ಮೂವರಿದ್ದ ಕಡೆಯಲ್ಲಿಯೂ ಒಂದು ಭಾಷೆ ಉಳಿಯುತ್ತದೆ, ಒಂದು ಶಾಸ್ತ್ರ ಬೆಳೆಯುತ್ತದೆ.